ನನ್ನ ಸಮಕ್ಷಮ

ವಾಟರ್‌ಬರಿಯ ಬ್ಯಾಂಕಿನಲ್ಲಿ ಮೂರನೇ ಮೇಜು ನನ್ನದು.
ಮರದ ಹಿಡಿಯ ಮುದ್ರೆ, ನೀಲಿ ಶಾಯಿಯ ಡಬ್ಬಿ,
ಸಹಿಯೊಂದಕ್ಕೆ ಎರಡು ಡಾಲರು.
ಕಾರು ಮಾರಿದವರು, ಮನೆ ಒತ್ತೆ ಇಟ್ಟವರು,
ಗಂಡನ ಹೆಸರು ಕಳಚಿಕೊಳ್ಳಲು ಬಂದವರು,
ಅವರ ನಡುವೆ, ಶುಕ್ರವಾರ ನಾಲ್ಕೂವರೆಗೆ,
ಗುಂಡಿ ಕಾರ್ಖಾನೆಯ ಪಾಳಿ ಮುಗಿಸಿ
ಪಾಷ್ಕೊ ದೆದಾಯ್.

ಉಗುರಿನ ಸಂದಿಯಲ್ಲಿ ಹಿತ್ತಾಳೆಯ ಪುಡಿ.
"ಅಲ್ಲಿ ಹತ್ತು ವರ್ಷ ತಾಮ್ರ ಅಗೆಸಿದರು,
ಇಲ್ಲಿ ಅದನ್ನೇ ಒತ್ತಿ ಗುಂಡಿ ಮಾಡುತ್ತೇನೆ.
ಯಾವ ಪೊಲೀಸಿನವನ ಅಂಗಿಗೆ ಹೋಗುತ್ತದೋ ಏನೋ."
ನಗಬೇಕೋ ಬೇಡವೋ ತಿಳಿಯದೆ
ನಾನು ಮುದ್ರೆಗೆ ಶಾಯಿ ಸವರಿದೆ.

ಒಮ್ಮೆ ಅವನು ಕಥೆಗಾರ.
ಹದಿನಾರು ಕಥೆ, ಒಂದು ತೆಳ್ಳನೆ ಪುಸ್ತಕ, ಶ್ಕೋಡ್ರದಲ್ಲಿ.
ಹದಿನೇಳನೆಯದರಲ್ಲಿ ಹೇಸರಗತ್ತೆ ಹೊಡೆಯುವವನೊಬ್ಬ
ಹಿಮದಲ್ಲಿ ದಾರಿ ತಪ್ಪುತ್ತಾನೆ, ಅಷ್ಟೇ.
"ನಮ್ಮ ದೇಶದಲ್ಲಿ ದಾರಿ ತಪ್ಪುವುದು ಹೇಗೆ ಸಾಧ್ಯ?"
ಹನ್ನೊಂದು ರಾತ್ರಿ, ಅದೊಂದೇ ಪ್ರಶ್ನೆಯಂತೆ.
ಕೇಳಿದವನ ಹೆಸರು ನನಗೆ ಹೇಳಲಿಲ್ಲ. ಆಗ.

ಈಗ ಅವನು ತರುವುದು ಪಟ್ಟಿ.
ಹೆಸರು, ತಂದೆಯ ಹೆಸರು, ಊರು, ಸೆರೆಯಾದ ವರ್ಷ,
ಕೊನೆಗೆ ಕಂಡವರು ಯಾರು, ಮೈಮೇಲೆ ಏನಿತ್ತು.
ಜಿನೀವಾಕ್ಕೊಂದು ಪ್ರತಿ, ವಾಷಿಂಗ್ಟನ್ನಿಗೊಂದು,
ಹಾರ್ಟ್‌ಫರ್ಡಿನ ಸೆನೆಟರರ ಕಚೇರಿಗೊಂದು
(ಅಲ್ಲಿನ ಹುಡುಗಿ ಪ್ರತಿ ಸಲವೂ ಆಲ್ಬನಿ ಎಂದೇ ಬರೆದುಕೊಳ್ಳುತ್ತಾಳೆ).
ಇಲ್ಲಿಯ ಟೈಪ್‌ರೈಟರಿನಲ್ಲಿ ಅವರ ಚುಕ್ಕಿಯ ಅಕ್ಷರವಿಲ್ಲ;
ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಬಗ್ಗಿ
ಒಂದೊಂದು ಹೆಸರಿಗೂ ತಾನೇ ಪೆನ್ನಿನಿಂದ
ಎರಡೆರಡು ಚುಕ್ಕಿ ಇಡುತ್ತಿದ್ದ.

ನಾನೂ ಓದುವವಳು. ಕೇಳಿಯೇಬಿಟ್ಟೆ:
ಮತ್ತೆ ಕಥೆ ಯಾವಾಗ?
"ಕಥೆಯಲ್ಲಿ ಹೆಸರು ಬದಲಿಸಬಹುದು, ಮೇಡಂ.
ಇಲ್ಲಿ ಒಂದಕ್ಷರ ತಪ್ಪಿದರೆ
ಆ ಮನುಷ್ಯ ಸಿಗುವುದಿಲ್ಲ."

ಬಲಗೈ ಎತ್ತಿಸಿ ಪ್ರಮಾಣ ಮಾಡಿಸುವುದು ನನ್ನ ಕೆಲಸ.
ಅವನು ಎದೆಗೆ ಕೈಯಿಟ್ಟು 'ಬೆಸ' ಎಂದುಬಿಡುತ್ತಿದ್ದ.
ಅವರಲ್ಲಿ ಅದು ಕೊಟ್ಟ ಮಾತು, ಪ್ರಾಣ ಹೋದರೂ.
ನಮ್ಮಲ್ಲಿ ಬೆಸ ಎಂದರೆ ಸಮವಲ್ಲದ್ದು, ಅಂದೆ;
ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು ಕೇಳುತ್ತೇವೆ,
ಜೋಡಿ ಸಿಗದೆ ಒಂದು ಉಳಿದರೆ, ಅದು.
ಬಹಳ ಹೊತ್ತು ಯೋಚಿಸಿದ.
"ಎರಡೂ ಒಂದೇ" ಅಂದ.

ನ್ಯೂಯಾರ್ಕಿನ ಫುಟ್‌ಪಾತಿನಲ್ಲಿ ಒಂಬತ್ತು ದಿನ
ಉಪವಾಸ ಕೂತು ಬಂದದ್ದೂ ಉಂಟು.
ಆ ಶುಕ್ರವಾರ ಅಂಗಿಯೊಳಗೆ ಇನ್ನೊಬ್ಬನಿಗೆ ಜಾಗವಿತ್ತು.

ತೊಂಬತ್ತೊಂದರಲ್ಲಿ, ಟೀವಿಯಲ್ಲಿ, ವಿಗ್ರಹ ಉರುಳಿತು.
ಅಲ್ಬೇನಿಯನ್ನರ ಕ್ಲಬ್ಬಿನಲ್ಲಿ ಕುಣಿದರು; ಅವನೂ ಕುಣಿದನಂತೆ,
ಗಣಿಯಲ್ಲಿ ಮುರಿದ ಮೊಣಕಾಲಲ್ಲೇ.
ಪಟ್ಟಿ ಮುಗಿಯಿತು ಅಂದುಕೊಂಡೆ.

ಮರುವರ್ಷ ಬಂದ. ಒಂದೇ ಹಾಳೆ, ಒಂದೇ ಹೆಸರು.
ಎಪ್ಪತ್ತೆಂಟು ವಯಸ್ಸು, ಸಕ್ಕರೆ ಕಾಯಿಲೆ,
ಏಳು ತಿಂಗಳಿಂದ ಸೆರೆ, ವಕೀಲನಿಲ್ಲ, ಇನ್ಸುಲಿನ್ ಇಲ್ಲ.
ಯಾರಿವನು ಎಂದೆ.
"ದಾರಿ ತಪ್ಪುವುದು ಹೇಗೆ ಸಾಧ್ಯ ಅಂತ ಕೇಳಿದವನು."

ಕ್ಲಬ್ಬಿನವರು ಅವನ ಕುರ್ಚಿಯನ್ನು ಗೋಡೆಗೆ ತಿರುಗಿಸಿಟ್ಟರು.
ಬ್ರಾಂಕ್ಸಿನ ತಂಗಿ ಮಾತಿನ ನಡುವೆಯೇ ಫೋನಿಟ್ಟಳು.
ಸುಳ್ಳೇಕೆ, ನನ್ನ ಕೈಯೂ ಮುದ್ರೆಯ ಮೇಲೆ ತಡೆಯಿತು.
ನಾನು ಸಹಿಗೆ ಸಾಕ್ಷಿ, ಸತ್ಯಕ್ಕಲ್ಲ,
ಕ್ಷಮೆಗಂತೂ ಅಲ್ಲವೇ ಅಲ್ಲ.
"ಕ್ಷಮಿಸಿಲ್ಲ" ಅಂದ, ನಾನು ಬಾಯಿ ತೆರೆಯುವ ಮೊದಲೇ.
"ಅಕ್ಷರ ಸರಿ ಇದೆಯಾ, ನೋಡಿ."

ನೋಡಿದೆ.
ಆ ಹೆಸರಿನ ಮೇಲೂ ಎರಡು ಚುಕ್ಕಿ, ಪೆನ್ನಿನದು,
ಇರಬೇಕಾದಲ್ಲೇ.
ಒತ್ತಿದೆ.

ಎರಡು ಡಾಲರು ಎಣಿಸಿಟ್ಟು ಎದ್ದ.
ಸ್ಟೇಷನ್ ಗೋಪುರದ ಗಡಿಯಾರದಲ್ಲಿ ಐದಾಗಿತ್ತು,
ಹೊರಗೆ ಹಿಮ ಶುರುವಾಗಿತ್ತು.
ಕಿಟಕಿಯಿಂದ ಕಂಡೆ: ಬಸ್ಸು ಬಂತು, ನಿಂತಿತು, ಹೋಯಿತು.
ಅವನು ಹತ್ತಲಿಲ್ಲ.
ಕಾಲೆಳೆಯುತ್ತ ಹೊಳೆಯ ಕಡೆ ಇಳಿದ.
ಆ ಕಡೆ ಅವನ ಮನೆಯಿರಲಿಲ್ಲ.